ಮಾವನ ಆರು ಕಾರ್ಖಾನೆಗಳು

ನಮ್ಮ ಮಾವನನ್ನು ಯಾವ ಆಟದಲ್ಲೂ ಸೋಲಿಸಲು ಸಾಧ್ಯವಿಲ್ಲ. ಇದನ್ನು ದಯವಿಟ್ಟು ಹೊಗಳಿಕೆ ಎಂದು ತಿಳಿಯಬೇಡಿ! ಅವರು ಗೆಲ್ಲುವುದೂ ಇಲ್ಲ. ಅವರು ಬಂದು ಕೂತರೆ ಅಲ್ಲಿ ಆಟವೇ ಉಳಿಯುವುದಿಲ್ಲ, ಅಷ್ಟೆ. ಚೌಕಾಬಾರ ಆಡುವಾಗ ಎದುರಾಳಿಯ ಕಾಯಿ ಹೊಡೆಯುವ ಅವಕಾಶ ಸಿಕ್ಕರೆ, "ಪಾಪ, ಅಣ್ಣಾಗೋ ಒತ್ತಿಗೆ ಬಂದದೆ, ಓಗ್ಲಿ ಬುಡು" ಎಂದು ಬೇರೆ ಕಾಯಿ ನಡೆಸುವ ಮನುಷ್ಯ. ನಾವು ಚಿಕ್ಕವರಿದ್ದಾಗ ಶ್ರೀರಂಗಪಟ್ಟಣದ ನಮ್ಮ ಮನೆಯ ನಡುಮನೆಯಲ್ಲಿ ಹಾಕಿದ ಒಂದು ಆಟ ಮೂರು ದಿನ ನಡೆದು, ಕೊನೆಗೆ ಅಮ್ಮ ಕಸ ಗುಡಿಸುವಾಗ ಮುಗಿಯಿತು.

ಇಂಥವರನ್ನು, ಗೆಲ್ಲುವುದೇ ಗುರಿಯಾಗಿರುವ ಆಟವೊಂದಕ್ಕೆ ಸೇರಿಸಿಕೊಂಡವಳು ನಾನು. ಓದಿದವಳು, ಎರಡು ಸ್ನಾತಕೋತ್ತರ ಪದವಿ ಪಡೆದವಳು, ಪುಸ್ತಕದ ಅಂಚಿಗೆ ಅಳತೆಪಟ್ಟಿ ಇಟ್ಟು ಗೆರೆ ಹಾಕುವವಳು. ತಪ್ಪು ಯಾರದು ಎಂದು ಹೇಳಬೇಕಾಗಿಲ್ಲ ತಾನೆ?

ಮಾವ ಅಂದರೆ ಅಮ್ಮನ ತಮ್ಮ. ಚಿನಕುರಳಿಯ ಹತ್ತಿರ ಇಪ್ಪತ್ತೆರಡು ವರ್ಷ ಆಲೆಮನೆ ನಡೆಸಿ ಬೆಲ್ಲ ಮಾಡಿದವರು. ಐವತ್ತಾರು ತುಂಬುತ್ತಲೇ ಗಾಣ, ಕೊಪ್ಪರಿಗೆ ಎಲ್ಲವನ್ನೂ ಮಗನಿಗೆ ಒಪ್ಪಿಸಿ, ಒಂದು ವಾರ ಜಗಲಿಯ ಮೇಲೆ ಸುಮ್ಮನೆ ಕೂತರು. ಎಂಟನೆಯ ದಿನ ಎದ್ದುಹೋಗಿ ಎಂ.ಕಾಂ.ಗೆ ಸೇರಿಬಿಟ್ಟರು! ಹರೆಯದಲ್ಲಿ ಬಿ.ಕಾಂ. ಮುಗಿಸಿದ್ದರು ಎಂಬುದೇ ನಮಗೆ ಮರೆತುಹೋಗಿತ್ತು. ಸೇರಿದ್ದಾದರೂ ಎಲ್ಲಿಗೆ? ಮೈಸೂರಿಗಲ್ಲ, ಮಂಡ್ಯಕ್ಕಲ್ಲ. ನಾನು ಅತಿಥಿ ಉಪನ್ಯಾಸಕಿಯಾಗಿದ್ದ ಕೆ.ಆರ್. ಪೇಟೆಯ ಕಾಲೇಜಿಗೆ.

"ಗೊತ್ತಿಲ್ದೋರ್ ತಾವ ಬೈಸ್ಕೊಳಾದ್ಕಿಂತ ಮನೆ ಮಗಳ್ ತಾವ ಬೈಸ್ಕೊಳಾದು ವಾಸಿ ಅಲ್ವೇನಕ್ಕ?" ಎಂದು ಅಮ್ಮನನ್ನು ಕೇಳಿದರಂತೆ. ಅಮ್ಮ ಹೌದು ಅಂದಳಂತೆ. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲ ವರ್ಷ ಅವರಿಗೆ ನನ್ನ ಪಾಠ ಇರಲಿಲ್ಲ, ಹೇಗೋ ಉಳಿದುಕೊಂಡೆ. ಎರಡನೆಯ ವರ್ಷ 'ಉತ್ಪಾದನೆ ಮತ್ತು ಕಾರ್ಯಾಚರಣೆ ನಿರ್ವಹಣೆ' ಎಂಬ ನನ್ನ ವಿಷಯಕ್ಕೆ ಹದಿನೆಂಟು ಜನ ಬಂದರು. ಹದಿನೇಳು ಜನ ಹಿಂದಿನ ಬೆಂಚುಗಳಲ್ಲಿ ಕೂತರು. ಹದಿನೆಂಟನೆಯವರು ಮೊದಲ ಬೆಂಚಿನಲ್ಲಿ, ಬಿಳಿ ಪಂಚೆ ಉಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಕೂತರು. ನಾನು ಹಾಜರಿ ಕೂಗಿದೆ. ಅವರ ಸಂಖ್ಯೆ ಬಂದಾಗ, "ಇವ್ನಿ ಕಣವ್ವ" ಅಂದರು. ತರಗತಿ ನಕ್ಕಿತು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಹೇಗಾದರೂ ಇರಲಿ, ಕಾಲೇಜಿನಲ್ಲಿ ಮೇಡಂ ಅನ್ನಬೇಕು ಎಂದು ಹೇಳಿದೆ. ಮಾರನೆಯ ದಿನ ಎದ್ದು ನಿಂತು, ಕೈಮುಗಿದು, "ಇವ್ನಿ ಮೇಡಮ್ಮೋರೆ" ಅಂದರು. ಈ ಸಲ ಪಕ್ಕದ ತರಗತಿಯೂ ನಕ್ಕಿತು.

ಒಂದು ವಾರದೊಳಗೆ ಹದಿನೇಳು ಜನರಿಗೂ ಅವರು 'ಮಾವ' ಆಗಿಬಿಟ್ಟಿದ್ದರು.

ಈಗ ಆಟದ ವಿಷಯ. ನನ್ನ ವಿಷಯವನ್ನು ಬರೀ ಪುಸ್ತಕದಿಂದ ಕಲಿಸಿದರೆ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ಆದ್ದರಿಂದ ನನಗೆ ಕಲಿಸಿದ ಮೇಷ್ಟ್ರೊಬ್ಬರನ್ನು ಕಾಡಿ ಬೇಡಿ, ಇಂಟರ್ನೆಟ್ಟಿನಲ್ಲಿ ಆಡುವ ಕಂಪ್ಯೂಟರ್ ಆಟವೊಂದನ್ನು ತಂದೆ. ಆರು ತಂಡ, ತಂಡಕ್ಕೆ ಮೂವರು, ಒಂದು ಪಾಸ್‌ವರ್ಡ್. ಒಂದೊಂದು ತಂಡಕ್ಕೆ ಪಂಪ್‌ಸೆಟ್ಟು ಮಾಡುವ ಒಂದೊಂದು ಕಾರ್ಖಾನೆ. ನಮ್ಮ ಒಂದು ನಿಮಿಷ ಅಲ್ಲಿಯ ಒಂದು ದಿನ. ಗಿರಾಕಿಗಳು ಎಲ್ಲರಿಗೂ ಸೇರಿ ಒಂದೇ ಗುಂಪು. ಯಾರು ಕಡಿಮೆ ಬೆಲೆಗೆ, ಬೇಗ ಕೊಡುತ್ತೇವೆ ಅನ್ನುತ್ತಾರೋ ಅವರ ಕಡೆಗೆ ಹೋಗುತ್ತಾರೆ. ಹೆಚ್ಚು ಗಿರಾಕಿಗಳನ್ನು ಎಳೆದುಕೊಂಡರೆ ಯಂತ್ರಗಳ ಮುಂದೆ ಕೆಲಸ ರಾಶಿ ಬೀಳುತ್ತದೆ, ಹೇಳಿದ ದಿನಕ್ಕೆ ಕೊಡಲಾಗುವುದಿಲ್ಲ. ಕಡಿಮೆ ಎಳೆದುಕೊಂಡರೆ ಯಂತ್ರ ಖಾಲಿ ನಿಲ್ಲುತ್ತದೆ. ಇದನ್ನು ತೂಗಿಸಿಕೊಂಡು ಉಳಿದ ಐದು ತಂಡಗಳನ್ನು ಹಿಂದೆ ಹಾಕಿದವರು ಗೆದ್ದರು. ಎಷ್ಟು ಸರಳ!

ಪ್ರಾಂಶುಪಾಲರು ಒಪ್ಪಿದರು. ಒಂದು ಷರತ್ತಿನ ಮೇಲೆ. "ಸೆಮಿಸ್ಟರಿನ ಕೊನೇಲಿ ಮೈಸೂರಿಂದ ಹಿರಿಯ ಪ್ರೊಫೆಸರ್ ಒಬ್ರು ಬಂದು ನೋಡ್ತಾರೆ. ಅವರು ಒಪ್ಪಿದ್ರೆ ಮುಂದಿನ ವರ್ಷಾನೂ ಈ ವಿಷಯ ಇರುತ್ತೆ, ನೀವೂ ಇರ್ತೀರಿ. ಇಲ್ಲದಿದ್ರೆ..." ಅವರು ಮಾತನ್ನು ಪೂರ್ತಿ ಮಾಡಲಿಲ್ಲ. ಅತಿಥಿ ಉಪನ್ಯಾಸಕರ ಬದುಕೆಲ್ಲ ಹೀಗೆ ಪೂರ್ತಿಯಾಗದ ಮಾತುಗಳಲ್ಲೇ ನಡೆಯುವುದು.

ಮೊದಲ ದಿನವೇ ಆರನೆಯ ತಂಡದಲ್ಲಿ ಅನಾಹುತವಾಯಿತು. ಅದು ಮಾವನ ತಂಡ ಎಂದು ಬೇರೆ ಹೇಳಬೇಕೆ? ಆಲೆಮನೆಗೆ ಯಾರು ಬಂದರೂ ಕಬ್ಬಿನ ಹಾಲು ಕೊಟ್ಟು, ಅಂಗೈಗೆ ಬಿಸಿ ಬೆಲ್ಲ ಹಾಕಿ ಕಳಿಸುವುದು ನಮ್ಮ ಕಡೆಯ ವಾಡಿಕೆ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಮಾವ ಕಂಪ್ಯೂಟರಿನಲ್ಲಿ ಹಾಗೆ ಪುಕ್ಕಟೆ ಕೊಡುವ ಗುಂಡಿಗಾಗಿ ಅರ್ಧ ತಾಸು ಹುಡುಕಿದರು. ಸಿಗಲಿಲ್ಲ. ಆಗ ತಾವೇ ಯೋಚಿಸಿ ಬೆಲೆಯ ಜಾಗದಲ್ಲಿ ಸೊನ್ನೆ ಎಂದು ಒತ್ತಿಬಿಟ್ಟರು. ಮುಂದಿನ ನಿಮಿಷದಲ್ಲಿ ಇಡೀ ಮಾರುಕಟ್ಟೆಯ ಗಿರಾಕಿಗಳೆಲ್ಲ ಆರನೆಯ ಕಾರ್ಖಾನೆಗೆ ನುಗ್ಗಿದರು. ಮೂರನೆಯ ಯಂತ್ರದ ಮುಂದೆ ಕೆಲಸ ಗುಡ್ಡದಂತೆ ಬಿತ್ತು. ಅವರ ತಂಡದ ಇಬ್ಬರು ಹುಡುಗಿಯರು ಅಳುವುದೊಂದು ಬಾಕಿ.

"ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿದೆ.

"ಮೊದ್ಲ್ನೇ ದಿನ ಬಂದೋರ್ ತಾವ ದುಡ್ಡ್ ಈಸ್ಕೊಳಾಕಾಯ್ತದಾ ಮೇಡಮ್ಮೋರೆ? ಏನಂದ್ಕಂಡಾರು?"

ಅಂದೇ ಬೆಲೆಯ ಜಾಗಕ್ಕೆ ಬೀಗ ಹಾಕಿದೆ. ಇನ್ನು ಮುಂದೆ ಬೆಲೆ ಎಲ್ಲರಿಗೂ ಒಂದೇ. ಎಷ್ಟು ದಿನದಲ್ಲಿ ಕೊಡುತ್ತೇವೆ, ಎಷ್ಟು ಯಂತ್ರ ಇಡುತ್ತೇವೆ ಎಂಬುದನ್ನು ಮಾತ್ರ ತಂಡದವರು ಬದಲಾಯಿಸಬಹುದು. ಇದರಲ್ಲಿ ಮಾವ ಏನು ತಾನೆ ಕೆಡಿಸಲು ಸಾಧ್ಯ ಎಂದುಕೊಂಡೆ. ನನ್ನ ಕಲ್ಪನಾಶಕ್ತಿ ಎಷ್ಟು ಬಡವಾದದ್ದು ಎಂದು ಆಮೇಲೆ ತಿಳಿಯಿತು.

ನಡುವೆ ಒಂದು ಒಳ್ಳೆಯ ವಾರವೂ ಇತ್ತು, ಸುಳ್ಳು ಹೇಳಬಾರದು. ಎಲ್ಲ ಯಂತ್ರಗಳ ಪೈಕಿ ನಿಧಾನವಾದದ್ದು ಯಾವುದೋ ಅದೇ ಕಾರ್ಖಾನೆಯ ವೇಗವನ್ನು ನಿರ್ಧರಿಸುತ್ತದೆ ಎಂದು ಪಾಠ ಮಾಡಿದೆ. ಹದಿನೇಳು ಮುಖಗಳು ಗೋಡೆಯಂತಿದ್ದವು. ಮಾವ ಮಾತ್ರ ತೊಡೆ ತಟ್ಟಿಕೊಂಡು, "ಗಾಣ ಎಷ್ಟ್ ಜೋರಾಗ್ ಓಡುದ್ರೇನ್ಲಾ, ಕೊಪ್ಪರ್ಗೇಲಿ ಪಾಕ ಬರಾಗಂಟ ಕಾಯ್ಲೇಬೇಕಲ್ವಾ, ಅದೇ ಕಣ್ರಲಾ ಮೇಡಮ್ಮೋರ್ ಏಳ್ತಿರಾದು!" ಎಂದು ಹಿಂದೆ ತಿರುಗಿ ಕೂಗಿದರು. ಹದಿನೇಳು ಮುಖಗಳೂ ಒಟ್ಟಿಗೆ ಬೆಳಗಿದವು. ನಾನು ಆರು ತಿಂಗಳು ಓದಿ ಅರ್ಥ ಮಾಡಿಕೊಂಡದ್ದು! ಆ ವಾರ ಮಕ್ಕಳು ನಿಜವಾಗಿ ಆಡಿದರು. ಒಂದನೆಯ ತಂಡದ ಮುಂದಾಳು ನಾಗಮಂಗಲದ ಹುಡುಗಿ, ನಾಲ್ಕನೆಯದಕ್ಕೆ ಶೀಳನೆರೆಯ ಹುಡುಗ.

"ಲೋ, ನಮ್ ಗಿರಾಕಿಗಳ್ನೆಲ್ಲ ಬಾಚ್ಕೊಂಡ್ಬುಟ್ಟಲ್ಲೋ, ಒಟ್ಟೆಗೇನ್ ತಿಂತೀಯಾ?"

"ತಾಕತ್ತಿದ್ರೆ ನೀನೂ ಬಾಚ್ಕೊ ಓಗಮ್ಮಿ, ಯಾರ್ ಬ್ಯಾಡ ಅಂದೋರು?"

ಈ ಜಗಳ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ಪರ್ಧೆ ಹುಟ್ಟಿತ್ತು! ಅದನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಆದರೆ ಮಾವ ಆ ಇಬ್ಬರನ್ನೂ ಒಮ್ಮೆ, ಮತ್ತೊಮ್ಮೆ ನೋಡಿದರು. ಮುಖ ಸಣ್ಣದಾಗಿತ್ತು. ನಾನು ಅದನ್ನು ಗಮನಿಸಬೇಕಿತ್ತು.

ಮರುವಾರ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸದ್ದೇ ಇರಲಿಲ್ಲ. ಯಾರೂ ಯಾರನ್ನೂ ಬೈಯಲಿಲ್ಲ. ನಾಗಮಂಗಲದ ಹುಡುಗಿ ಶೀಳನೆರೆಯ ಹುಡುಗನಿಗೆ ಕಡಲೆಕಾಯಿ ಕೊಡುತ್ತಿದ್ದಳು. ತಾಸಿನ ಕೊನೆಗೆ ಗೋಡೆಯ ಪರದೆಯ ಮೇಲೆ ಆರು ತಂಡಗಳ ಗಳಿಕೆಯ ಕಂಬಗಳು ಬಂದವು. ಆರೂ ಹೆಚ್ಚುಕಡಿಮೆ ಒಂದೇ ಎತ್ತರ. ಒಂದೇ ದಿನ ಕೂದಲು ಕತ್ತರಿಸಿಕೊಂಡು ಬಂದ ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಂತಿದ್ದವು! ಆಟ ಕೆಟ್ಟಿರಬೇಕು ಎಂದು ಮೇಷ್ಟ್ರಿಗೆ ಪತ್ರ ಬರೆದೆ. ಆಟ ಸರಿಯಾಗಿಯೇ ಇದೆ ಎಂದು ಉತ್ತರ ಬಂತು. ಮುಂದಿನ ತರಗತಿಯಲ್ಲಿ ಮೇಜುಗಳ ನಡುವೆ ಓಡಾಡುವಾಗ ಮಾವನ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ದುಂಡಗೆ ಬರೆದಿದ್ದರು: ಮೊದಲ ಹತ್ತು ದಿನ ಒಂದನೇ ತಂಡ, ಮುಂದಿನ ಹತ್ತು ದಿನ ಎರಡನೇ ತಂಡ, ಹಾಗೇ ಆರರವರೆಗೆ. ಸರದಿ!

ಹತ್ತು ದಿನ ಒಂದು ತಂಡದವರು 'ಐದೇ ದಿನದಲ್ಲಿ ಕೊಡುತ್ತೇವೆ' ಎಂದು ಹಾಕುತ್ತಿದ್ದರು. ಉಳಿದ ಐದು ತಂಡದವರು 'ತೊಂಬತ್ತು ದಿನ ಆಗುತ್ತದೆ' ಎಂದು ಹಾಕಿ, ಬಂದ ಗಿರಾಕಿಗಳನ್ನೆಲ್ಲ ಆ ಒಂದು ಕಡೆಗೆ ಕಳಿಸಿ, ತಾವು ಕಡಲೆಕಾಯಿ ತಿನ್ನುತ್ತಿದ್ದರು. ಅರವತ್ತು ನಿಮಿಷದ ತರಗತಿಯಲ್ಲಿ ಒಂದು ಪೂರ್ತಿ ಸುತ್ತು. ಯಾರೂ ಸೋಲುವಂತಿಲ್ಲ, ಯಾರೂ ಗೆಲ್ಲುವಂತಿಲ್ಲ. ಅಂದು ಎಲ್ಲರೂ ಹೋದ ಮೇಲೆ ಮಾವನನ್ನು ನಿಲ್ಲಿಸಿಕೊಂಡೆ.

"ಇದು ಒಳಒಪ್ಪಂದ. ನಿಜವಾದ ಮಾರುಕಟ್ಟೆಯಲ್ಲಿ ಹೀಗೆ ಮಾಡುವುದು ಅಪರಾಧ."

"ಯಾರ್ಗ್ ಮೋಸ ಆಯ್ತು ಏಳಿ ಮೇಡಮ್ಮೋರೆ?"

"ಗಿರಾಕಿಗೆ."

"ಅವ್ನ್ ಎಲ್ಲವ್ನೆ?"

"ಕಂಪ್ಯೂಟರಿನಲ್ಲಿ."

"ಅವ್ನು ಪಂಪು ಸಿಗ್ಲಿಲ್ಲ ಅಂತ ಅಂದ್ನಾ?"

"ಇಲ್ಲ."

"ಮತ್ತೆ?"

ಎರಡು ಪದವಿಗಳನ್ನೂ ಪಕ್ಕಕ್ಕಿಟ್ಟು ಎದುರಿನ ಬೆಂಚಿನ ಮೇಲೆ ಕೂತೆ. ಮಾವನೇ ನಿಧಾನವಾಗಿ ನನಗೆ ತಿಳಿಹೇಳಿದರು. "ಕಡ್ದ್ ಕಬ್ಬು ಕಾಯಾಕಿಲ್ಲ ಕಣವ್ವ, ಒಣಗೋಯ್ತದೆ. ಎಲ್ರೂ ಒಂದೇ ದಿನ ಗಾಡಿ ತಂದ್ ನಿಲ್ಸುದ್ರೆ ಒಡ್ದಾಡ್ಕಂಡ್ ಸಾಯ್ತಾರೆ. ಅದ್ಕೇ ಮೊದ್ಲು ಯಾರ್ದು, ಆಮ್ಯಾಕ್ ಯಾರ್ದು ಅಂತ ಬರ್ದ್ ಮಡುಗ್ತಿದ್ದೆ. ಜಾಸ್ತಿ ಕೊಡ್ತೀನಿ, ನಂದ್ ಮೊದ್ಲು ಅರೀ ಅಂತ ಬಂದೋರ್ಗೂ ನಿನ್ ದಿನಕ್ ಬಾ ಅಂತ ಏಳ್ ಕಳ್ಸಿವ್ನಿ. ಇಪ್ಪತ್ತೆರಡ್ ವರ್ಸುಕ್ಕೂ ಒಂದ್ ಜಗಳಿಲ್ಲ. ಇಲ್ಲಿ ನೋಡುದ್ರೆ ಐಕ್ಳು ನಿನ್ನೆ ಮೊನ್ನೆ ಬಂದವು, ಆಗ್ಲೇ ಒಬ್ರ್ ಮೂತಿ ಒಬ್ರು ನೋಡಾಕಿಲ್ಲ ಅಂತವೆ."

"ಮಾವ," ಅಂದೆ. ಕಾಲೇಜಿನ ಗೋಡೆಗಳ ಒಳಗೆ ಹಾಗೆ ಕರೆದದ್ದು ಅದೇ ಮೊದಲು. "ಶುಕ್ರವಾರ ಮೈಸೂರಿನಿಂದ ನೋಡಲು ಬರುತ್ತಾರೆ. ಅವತ್ತು ಒಂದು ತಂಡ ಗೆಲ್ಲಲೇಬೇಕು. ಯಾವುದಾದರೂ ಸರಿ. ಯಾರೂ ಗೆಲ್ಲದಿದ್ದರೆ ಮುಂದಿನ ವರ್ಷ ನನಗೆ ಇಲ್ಲಿ ಕೆಲಸ ಇಲ್ಲ."

ಅವರು ಗಾಬರಿಯಾದರು. ಇದು ಅವರಿಗೆ ಗೊತ್ತಿರಲಿಲ್ಲ. ನಾನು ಮನೆಯಲ್ಲಿ ಇಂಥವನ್ನೆಲ್ಲ ಹೇಳುವವಳಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಗೆಲ್ಸಾನ ಬುಡವ್ವ, ಅದ್ಯಾವ್ ದೊಡ್ ಇಸ್ಯ?" ಅಂದರು.

ಶುಕ್ರವಾರ ಪ್ರೊಫೆಸರು ಬಂದರು. ಸೌಮ್ಯ ಮುಖದ, ಬೆಳ್ಳಿಗೂದಲಿನ ಮನುಷ್ಯ. ಪ್ರಾಂಶುಪಾಲರು ಅವರನ್ನು ಪರದೆಯ ಎದುರಿಗೆ ಕೂರಿಸಿದರು. ಸ್ಪರ್ಧೆಯಿಂದ ಮಕ್ಕಳು ನಿರ್ಧಾರ ತೆಗೆದುಕೊಳ್ಳುವುದನ್ನು ಹೇಗೆ ಕಲಿಯುತ್ತಾರೆ ಎಂದು ನಾನು ನಾಲ್ಕು ನಿಮಿಷ, ಬಾಯಿಪಾಠ ಮಾಡಿದ್ದನ್ನು, ಎಲ್ಲೂ ತಡವರಿಸದೆ ಹೇಳಿದೆ. ಆಟ ಶುರುವಾಯಿತು.

ಐದು ನಿಮಿಷವಾಯಿತು. ಒಬ್ಬ ಗಿರಾಕಿಯೂ ಬರಲಿಲ್ಲ. ಹತ್ತು ನಿಮಿಷವಾಯಿತು. ಆರು ಕಾರ್ಖಾನೆಗಳ ಯಂತ್ರಗಳೂ ತೆಪ್ಪಗಿದ್ದವು. ಮಕ್ಕಳು ಕೈಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಗಂಭೀರವಾಗಿ ಕೂತಿದ್ದರು. ಪರದೆಯ ಮೇಲೆ ಆರೂ ತಂಡಗಳ ಹೆಸರಿನ ಮುಂದೆ ಒಂದೇ ಅಂಕಿ: ತೊಂಬತ್ತು ದಿನ, ತೊಂಬತ್ತು ದಿನ, ತೊಂಬತ್ತು ದಿನ...

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ, ಆರೂ ಕಡೆ ಒಟ್ಟಿಗೇ ಮುಷ್ಕರವೋ?" ಎಂದು ಕೇಳಿದರು.

ನಾನು ನಗುತ್ತಿರುವ ಹಾಗೆ ಮುಖ ಮಾಡಿಕೊಂಡು ನಾಗಮಂಗಲದ ಹುಡುಗಿಯ ಹತ್ತಿರ ಹೋಗಿ ಬಗ್ಗಿದೆ. ಅವಳು ಪಿಸುಗುಟ್ಟಿದಳು: "ಇವತ್ತು ಬೇರೇರ್ ಯಾರೋ ಗೆಲ್ತಾರಂತೆ ಮೇಡಂ. ನೀವ್ ದಾರಿ ಬುಟ್ಬುಡಿ ಅಂತ ಮಾವ ಏಳವ್ರೆ." ಶೀಳನೆರೆಯ ಹುಡುಗನ ಹತ್ತಿರ ಹೋದೆ. ಅವನೂ ಅದನ್ನೇ ಹೇಳಿದ. ಮೂರನೆಯ ಮೇಜಿನವರೂ ಅದನ್ನೇ ಹೇಳಿದರು. ಕೊನೆಗೆ ಆರನೆಯ ಮೇಜಿಗೆ ಬಂದೆ. ಮಾವ ತಲೆ ತಗ್ಗಿಸಿಕೊಂಡು ಕೂತಿದ್ದರು.

"ಒಬ್ರಿಗ್ ಗೆಲ್ಲು ಅಂದ್ರೆ ಐದ್ ಜನುಕ್ ಸೋಲು ಅಂದಂಗಾಗಾಕಿಲ್ವಾ? ಎಂಗವ್ವ ಏಳದು? ಅದ್ಕೇ ಎಲ್ರಿಗೂ ದಾರಿ ಬುಡಿ ಅಂದೆ. ಯಾರಾರ ಒಬ್ರು ನನ್ ಮಾತ್ ಕೇಳಾಕಿಲ್ಲ, ಅವ್ರು ಗೆಲ್ತಾರೆ ಅಂದ್ಕಂಡಿದ್ದೆ. ಈ ಮುಂಡೇವು ಎಲ್ಲಾ ಕೇಳ್ಬುಟ್ಟೊ!"

ನಲವತ್ತು ವರ್ಷ ಸೇವೆ ಮಾಡಿದ ಉಪನ್ಯಾಸಕರ ಮಾತನ್ನು ಒಬ್ಬ ವಿದ್ಯಾರ್ಥಿಯೂ ಕೇಳುವುದಿಲ್ಲ. ಈ ಮನುಷ್ಯನ ಮಾತನ್ನು ಹದಿನೇಳಕ್ಕೆ ಹದಿನೇಳೂ ಕೇಳಿದರು, ಅದೂ ಒಬ್ಬರಾದರೂ ಕೇಳಬಾರದಾಗಿದ್ದ ದಿನ! ಕೂಡಲೇ ದಿನ ಕಡಿಮೆ ಮಾಡಿ ಎಂದು ಹೇಳಿದೆ. ಮಕ್ಕಳು ಗಾಬರಿಯಲ್ಲಿ ಮಾವನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು "ನೀವ್ ಮೊದ್ಲು, ನೀವ್ ಮೊದ್ಲು" ಅಂದರು. ಪ್ರೊಫೆಸರು ಎದ್ದು ಊಟಕ್ಕೆ ಹೋದರು.

ವರದಿಯಲ್ಲಿ ಒಂದೇ ಸಾಲು ಇತ್ತು. ಆಟದ ಮೂಲಕ ವಿದ್ಯಾರ್ಥಿಗಳು ವಿಷಯವನ್ನು ಕಲಿತಿರುವುದು ಕಂಡುಬರಲಿಲ್ಲ. ಬೇಸಿಗೆ ಕಳೆದು ಹೊಸ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯನ್ನು ಫಲಕಕ್ಕೆ ಹಾಕಿದರು. ನನ್ನ ಹೆಸರು ಇರಲಿಲ್ಲ. ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ ಓದಿ ಬಸ್ಸು ಹತ್ತಿದೆ. ಪಕ್ಕದ ಫಲಕದಲ್ಲಿ ಎಂ.ಕಾಂ. ಫಲಿತಾಂಶ ಇತ್ತು. ಮಾವ ಪಾಸಾಗಿದ್ದರು.

ನಾನು ಕೂಗಾಡುವವಳಲ್ಲ. ಸಿಟ್ಟು ಬಂದರೆ ನನ್ನ ಮಾತುಗಳು ಚಿಕ್ಕವಾಗುತ್ತ ಹೋಗಿ ಕೊನೆಗೆ ನಿಂತುಹೋಗುತ್ತವೆ. ಐದು ಭಾನುವಾರ ಮಾವ ಮೊಪೆಡ್ಡಿನಲ್ಲಿ ಚಿನಕುರಳಿಯಿಂದ ನಮ್ಮ ಮನೆಗೆ ಬಂದರು. ಐದು ಭಾನುವಾರವೂ ನಾನು ಕೋಣೆಯ ಬಾಗಿಲು ತೆಗೆಯಲಿಲ್ಲ.

"ಅವ್ನೇನ್ ಬೇಕಂತ ಮಾಡುದ್ನಾ? ಅವ್ನ್ ಬುದ್ಧಿನೇ ಅಂಗೆ," ಎಂದು ಅಮ್ಮ ಬಾಗಿಲ ಆಚೆಯಿಂದ ಹೇಳಿದಳು.

"ಗೊತ್ತು," ಅಂದೆ. ಆ ತಿಂಗಳು ನಾನು ಆಡಿದ ಅತಿ ಉದ್ದವಾದ ಮಾತು ಅದೇ ಇರಬೇಕು.

ಆರನೆಯ ಭಾನುವಾರ ಮಾವ ನೇರವಾಗಿ ಕೋಣೆಯ ಬಾಗಿಲಿಗೆ ಬಂದು ತಟ್ಟಿದರು. ತೆಗೆದೆ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಪಾಂಡವಪುರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಬಣ್ಣದ ಪ್ರಿಂಟು. ನನ್ನ ಆಟದ ಪರದೆ. ಆರನೆಯ ತಂಡ: ಒಂದನೆಯ ಸ್ಥಾನ. ಆ ಕಂಬ ಹಾಳೆಯ ತುದಿ ಮುಟ್ಟುತ್ತಿತ್ತು. ಉಳಿದ ಐದರ ಜಾಗದಲ್ಲಿ ಕಂಬವೇ ಇಲ್ಲ. ಐದು ಕಾರ್ಖಾನೆಗಳ ಚಿತ್ರದ ಮೇಲೆ ಕೆಂಪು ಅಕ್ಷರದಲ್ಲಿ 'ಮುಚ್ಚಲಾಗಿದೆ' ಎಂದಿತ್ತು.

ಮಕ್ಕಳನ್ನೆಲ್ಲ ಕೇಳಿ ಐದು ತಂಡಗಳ ಪಾಸ್‌ವರ್ಡ್ ಈಸಿಕೊಂಡಿದ್ದರು. ಒಂದು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಮಗನ ಕಂಪ್ಯೂಟರಿನ ಮುಂದೆ ಕೂತು ಆರೂ ಕಾರ್ಖಾನೆಗಳನ್ನು ತಾವೊಬ್ಬರೇ ನಡೆಸಿ, ಐದನ್ನು ಒಂದೊಂದಾಗಿ ಮುಳುಗಿಸಿ, ಒಂದನ್ನು ಗೆಲ್ಲಿಸಿದ್ದರು. ಆಮೇಲೆ ಆ ಹಾಳೆ ಹಿಡಿದುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಆ ಪ್ರೊಫೆಸರ ಕೋಣೆಯ ಹೊರಗೆ ಅರ್ಧ ದಿನ ಕಾದಿದ್ದರು.

"ನಂಗ್ ಬತ್ತದೆ ಕಣವ್ವ," ಅಂದರು. "ನೀ ಏಳ್ಕೊಟ್ಟಿದ್ದೆಲ್ಲ ಬತ್ತದೆ. ಯಾವ್ ಮಿಷಿನ್ ನಿಧಾನ, ಎಷ್ಟ್ ದಿನ ಅಂತ ಆಕ್ಬೇಕು, ಯಾವಾಗ ಎರಡ್ನೇ ಮಿಷಿನ್ ಕೊಂಡ್ಕಬೇಕು, ಎಲ್ಲಾ. ನೋಡಿ ಸ್ವಾಮಿ, ಗೆದ್ದಿವ್ನಿ, ನಮ್ ಮೇಡಮ್ಮೋರ್ ಕಲ್ಸವ್ರೆ, ಕಲ್ಸ್ಲಿಲ್ಲ ಅಂತ ಯಾಕ್ ಬರುದ್ರಿ ಅಂತ ಕೇಳ್ದೆ. ಪಟ್ಟಿ ಆಗೋಗದೆ ಯಜಮಾನ್ರೆ ಅಂದ್ರು. ಟೀ ಕೊಟ್ರು."

ಅವರು ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಸಾವಿನ ಮನೆಗೆ ಹೋಗಿಬಂದವರ ಹಾಗೆ ಇದ್ದರು. ಹಾಳೆಯ ಮೇಲಿನ ಆ ಐದು ಕೆಂಪು ಗುರುತುಗಳನ್ನು ಬೆರಳಿನಿಂದ ತೋರಿಸಿ, ತಗ್ಗಿದ ದನಿಯಲ್ಲಿ, "ಐದ್ರ ಬಾಗ್ಲೂ ನಾನೇ ಆಕ್ದೆ ಕಣವ್ವ. ಅಲ್ ಕೆಲ್ಸಕ್ ಬತ್ತಿದ್ದೋರು ಏನ್ ಮಾಡ್ತಾವ್ರೋ," ಅಂದರು.

ಅಲ್ಲಿ ಯಾರೂ ಇಲ್ಲ ಮಾವ, ಅದು ಬರೀ ಲೆಕ್ಕ ಎಂದು ಹೇಳಲು ಬಾಯಿ ತೆರೆದೆ. ಹೇಳುವ ಬದಲು ಅವರ ತೋಳು ಹಿಡಿದು ಒಳಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಕಾಲೇಜು ನನ್ನನ್ನು ಕೈಬಿಟ್ಟಿದ್ದರೂ ಆಟದಲ್ಲಿ ಶಿಕ್ಷಕಿಯ ಹೆಸರು ಇನ್ನೂ ನನ್ನದೇ ಇತ್ತು. ಲ್ಯಾಪ್‌ಟಾಪ್ ತೆರೆದು, ಮುಚ್ಚಿದ ಕಾರ್ಖಾನೆಗಳನ್ನು ಒಂದೊಂದಾಗಿ ಮತ್ತೆ ತೆರೆದೆ. ಒಂದನೆಯದು, ಎರಡನೆಯದು, ಮೂರನೆಯದು. ಕೆಂಪು ಹೋಗಿ ಹಸಿರು ಬಂತು. ಮಾವ ಕುತ್ತಿಗೆ ಮುಂದಕ್ಕೆ ಚಾಚಿ, ಉಸಿರು ಹಿಡಿದು ನೋಡುತ್ತಿದ್ದರು.

"ಬಂದ್ರಾ?" ಅಂದರು.

"ಬಂದರು ಮಾವ," ಅಂದೆ. "ಎಲ್ಲರೂ ಬಂದರು."